ಊಟದ ಕೋಣೆಯ ಕಿಟಕಿಯಲ್ಲಿ ಲೆಟಿಸ್

ನಾನು ಓದಿದ ಕಾನ್ವೆಂಟಿನ ಹಿತ್ತಲಲ್ಲಿ ಸಿಸ್ಟರ್‌ಗಳು ಲೆಟಿಸ್ ಎಂಬ, ಹಸಿಯಾಗಿಯೇ ತಿನ್ನುವ ಸೊಪ್ಪು ಬೆಳೆಯುತ್ತಿದ್ದರು. ನೀರು ಹೊತ್ತು ಹಾಕುವವರು ಹಾಸ್ಟೆಲಿನ ಹುಡುಗಿಯರಾದ ನಾವು, ತಿನ್ನುವವರು ದೂರದಿಂದ ಬರುವ ಅತಿಥಿಗಳು. ಬಿಳಿ ಪಿಂಗಾಣಿ ಬಟ್ಟಲಲ್ಲಿ ಆ ಹಸಿ ಎಲೆ ಮಿನುಗುತ್ತ ನಮ್ಮ ಮೂಗಿನ ಮುಂದೆಯೇ ದಾಟಿ ಹೋಗುತ್ತಿತ್ತು. ಒಮ್ಮೆ ತಿಂದು ನೋಡಬೇಕೆಂಬ ಆಸೆ ನನಗೆ ಐವತ್ತು ದಾಟಿದರೂ ಹಾಗೇ ಉಳಿದಿತ್ತು.

ಹೋದ ಚಳಿಗಾಲದಲ್ಲಿ ಶಿರಸಿ ಪೇಟೆಯ ಬೀಜದ ಅಂಗಡಿಯಲ್ಲಿ ಅದರ ಪೊಟ್ಟಣ ಕಂಡಿತು, ಕೊಂಡೆ. ತಾರಸಿಯಲ್ಲಿಟ್ಟರೆ ಮಂಗಗಳು ಬಿಡುವುದಿಲ್ಲ. ಹಾಗಾಗಿ ಊಟದ ಕೋಣೆಯ ಪೂರ್ವದ ಕಿಟಕಿಯಲ್ಲಿ ಎರಡು ಹಳೆಯ ಪ್ಲಾಸ್ಟಿಕ್ ಟ್ರೇ ಇಟ್ಟು, ಗೊಬ್ಬರ, ತೆಂಗಿನ ನಾರಿನ ಪುಡಿ ತುಂಬಿದೆ. ಬೀಜವೋ, ಜೀರಿಗೆಗಿಂತ ಸಣ್ಣದು.

ನಮ್ಮವರು ಪೇಪರ್ ಮಡಚಿ ನೋಡಿದರು. "ದನ ಎಲ್ಲಿ ಕಟ್ತೆ ಮಾರಾಯ್ತಿ? ಹಾಲ್‌ನಲ್ಲಾ?"

ನಾನು ನಕ್ಕೆ. ಸಿಟ್ಟು ಬಂದರೆ ನಗಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು.

ಮಂಜು ಕರಗಿ ಬಿಸಿಲು ಬರುವಾಗ ಒಂಬತ್ತಾಗುತ್ತಿತ್ತು. ಮೊಳಕೆಗಳೆಲ್ಲ ಗಾಜಿನ ಕಡೆಗೇ ಕುತ್ತಿಗೆ ಚಾಚುತ್ತಿದ್ದವು. ದಿನಕ್ಕೊಮ್ಮೆ ಟ್ರೇ ತಿರುಗಿಸಿಡುತ್ತಿದ್ದೆ. ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟ್ಲಿಯಿಂದಲೇ ಅವಕ್ಕೂ ನೀರು. ತಿಂಗಳು ಕಳೆಯುವಷ್ಟರಲ್ಲಿ ಅಂಚಿನಲ್ಲಿ ನೆರಿಗೆಯಿದ್ದ ಎಲೆಗಳು ಅಂಗೈಯಷ್ಟಾದವು. ಭಾನುವಾರ ಉಪ್ಪು, ಲಿಂಬೆಹುಳಿ ಹಾಕಿ ತಿನ್ನುತ್ತೇನೆಂದು ಮನೆಯಲ್ಲಿ ಹೇಳಿಯೂ ಇದ್ದೆ.

ಆ ಭಾನುವಾರ ಸಿದ್ದಾಪುರದಿಂದ ಅತ್ತಿಗೆ, ಭಾವ ಬಂದರು. ಅತ್ತಿಗೆಯೆಂದರೆ ನಮ್ಮವರ ಅಕ್ಕ. ನಾನು ಸ್ನಾನ ಮುಗಿಸಿ ಬರುವಾಗ ಟ್ರೇಯಲ್ಲಿ ಬರೀ ಬುಡಗಳು ನಿಂತಿದ್ದವು. ಒಳಗೆ ಮಿಕ್ಸಿ ತಿರುಗುತ್ತಿತ್ತು.

"ತಂಬ್ಳಿಗೆ ಕೊಯ್ದೆ ಕೂಸೆ," ಎಂದರು ಅತ್ತಿಗೆ. "ಇಷ್ಟು ಚೊಲೋ ಸೊಪ್ಪು, ಹಸಿಯಾಗಿ ಯಾರು ತಿಂತ?"

ನಮ್ಮ ಕಡೆ ಕಣ್ಣಿಗೆ ಬಿದ್ದ ಎಲೆಯನ್ನೆಲ್ಲ ಕಾಯಿ, ಮಜ್ಜಿಗೆ ಸೇರಿಸಿ ಬೀಸಿ ತಂಬುಳಿ ಮಾಡುತ್ತೇವೆ, ನಿಜ. ಆದರೆ ಒಂದು ಮಾತು ಕೇಳಬಹುದಿತ್ತಲ್ಲ! ಕೈಯಲ್ಲಿದ್ದ ಟವೆಲ್ಲನ್ನು ಎಷ್ಟು ಹಿಂಡಿದೆನೆಂದರೆ ಸೀರೆಯ ನೆರಿಗೆಯೆಲ್ಲ ಒದ್ದೆಯಾಯಿತು.

ಬಡಿಸಿದವಳು ನಾನೇ. ಭಾವ ಎರಡು ಸಲ ಹಾಕಿಸಿಕೊಂಡು ಸುರ್ರೆಂದು ಕುಡಿದರು.

"ಯಂಗ್ಳ ಮನೆಲೇ ಬೆಳದ್ದು ಭಾವ," ಎಂದರು ನಮ್ಮವರು. "ಬೀಜ ಆನೇ ತರ್ಸಿದ್ದು."

ಬೀಜ ತರಿಸಿದ್ದು ತಾವೇ ಅಂತೆ! ಸೌಟು ನನ್ನ ಕೈಯಲ್ಲೇ ಇತ್ತು. ಅವರು ನನ್ನ ಮುಖವನ್ನೂ ನೋಡಲಿಲ್ಲ. ಗಂಡಸರದ್ದು ಮುಗಿದು ನಾನು ಕೂರುವಾಗ ಪಾತ್ರೆಯ ತಳದಲ್ಲಿ ಒಗ್ಗರಣೆಯ ಎರಡು ಸಾಸಿವೆ ಇದ್ದವು. ಹೊರಗಿನ ಮಂಗಗಳಿಗೆ ಹೆದರಿ ಒಳಗಿಟ್ಟವಳು ನಾನು!

ಬುಡ ಸತ್ತಿರಲಿಲ್ಲ, ಪುಣ್ಯ. ಮತ್ತೆ ಚಿಗುರಿತು. ಮೂರು ವಾರದ ನಂತರ, ಶನಿವಾರ ಬೆಳಿಗ್ಗೆ, ನಮ್ಮವರು ಫೋನ್ ಇಟ್ಟು ಕೂಗಿದರು:

"ಹೋಯ್, ನಾಳೆ ಭಾವ ಬತ್ನಡ. ಅದೇ ತಂಬ್ಳಿ ಬೇಕಡ."

ನಾನು ಕಿಟಕಿಗೆ ಹೋದೆ. ಸೆರಗು ಸಿಕ್ಕಿಸಿ, ಬಗ್ಗಿ, ಕೈ ಮುಟ್ಟಿಸದೆ ಬಾಯಿಂದಲೇ ಮೊದಲ ಗಿಡದ ಎಲೆಯೊಂದನ್ನು ಕಚ್ಚಿದೆ. ಆಮೇಲೆ ಪಕ್ಕದ್ದು. ಒಂದನ್ನೂ ಬಿಡಲಿಲ್ಲ. ಗಲ್ಲಕ್ಕೆ ಗೊಬ್ಬರ ಮೆತ್ತಿತು.

"ಎಂತದೇ ಇದು? ನಿಂಗೆಂತ ಮಳ್ಳಾ?"

"ಎಂಜ್ಲು ಮಾಡಿದ್ದೆ."

"ಅಷ್ಟೂ ಗಿಡನಾ?"

"ಅಷ್ಟೂವ. ಬೇಕಾದ್ರೆ ನಾಳೆ ಭಾವಂಗೆ ಬಡ್ಸಿ, ಯನ್ನ ಎಂಜ್ಲು ಹೇಳಿ ಆನೇ ಹೇಳ್ತೆ."

ಅವರು ಪೇಪರ್ ಎತ್ತಿಕೊಂಡರು. ನಾನು ನಗಲಿಲ್ಲ. ಎಲೆ ಸ್ವಲ್ಪ ಕಹಿ, ಬಹಳ ನೀರು. ಇಷ್ಟು ವರ್ಷ ಕಾಯುವಂಥ ರುಚಿಯೇನಲ್ಲ. ಆದರೂ ಉಪ್ಪಿನ ಬಾಟ್ಲಿ ತಂದಿಟ್ಟುಕೊಂಡು, ಕಿಟಕಿಯ ಬಳಿ ನಿಂತೇ ಒಂದು ಟ್ರೇ ಪೂರ್ತಿ ತಿಂದೆ.

ಮರುದಿನ ಭಾವನಿಗೆ ಒಂದೆಲಗದ ತಂಬುಳಿ ಮಾಡಿದೆ.