ಅಗಳಿಯ ರಾಧಾ ಕಳಿಸಿದ ಮೇಲ್

ಹಂಪಕ್ಕ ರಾಧಾಳನ್ನು ಮೊದಲ ಸಲ ಕಂಡದ್ದು ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿನ ಬಾಗಿಲಲ್ಲಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ನಿಂತಿದ್ದಳು. ಹೊಲಿದು ಬಂದ ಪ್ಯಾಂಟುಗಳ ಗುಡ್ಡೆಯ ಪಕ್ಕ ಕೂತು, ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಹಂಪಕ್ಕನ ಕೆಲಸ. ಗಂಡ ತೀರಿಕೊಂಡ ಮೇಲೆ ಹಿಡಿದ ಕತ್ತರಿ ಅದು. ಹೊಸಬಳ ಕಣ್ಣು ಅವಳ ಬೆರಳುಗಳ ಮೇಲೆ ನಿಂತಿತು.

“ಇದ್ಯಾಕಮ್ಮಾ, ಬೆರಳೆಲ್ಲಾ ಹಿಂಗೆ ನೀಲಿಯಾಗವೆ?”

“ಬಟ್ಟೀ ಬಣ್ಣರಿ. ಸ್ವಲ್ಪ ದಿನ ಇರ್ರಿ, ನಿಮ್ಮವೂ ಆಗ್ತಾವ.”

“ನಾನು ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂರೋಳು ಕಣಮ್ಮ.”

“ಇಲ್ಲಿ ಗಾಳೀನೂ ನೀಲಿನ ಐತ್ರಿ.”

ರಾಧಾ ನಕ್ಕು, ಹಂಪಕ್ಕನ ಚಪ್ಪಲಿಯ ಪಕ್ಕದಲ್ಲೇ ತನ್ನದನ್ನೂ ಬಿಟ್ಟು ಒಳಗೆ ಹೋದಳು. ಅಂದಿನಿಂದ ಅವಳ ಚಪ್ಪಲಿಯ ಜಾಗ ಅದೇ ಆಯಿತು.

ಆಫೀಸೆಂದರೆ ಹಂಪಕ್ಕನ ಬೆನ್ನ ಹಿಂದಿನ ಪ್ಲೈವುಡ್ ಗೋಡೆಯ ಆಚೆಗಿನ ಒಂದು ಮೇಜು. ಅಲ್ಲಿಯ ಮಾತೆಲ್ಲ ಇತ್ತ ಕೇಳುತ್ತದೆ. ರಾಧಾ ಮಡಕಶಿರಾ ಕಡೆಯ ಅಗಳಿಯವಳು. ಗಂಡ ರಂಗನಾಥ್ ಕುರಿಮಂದೆಯ ಜೊತೆ ಮೇವು ಇದ್ದಲ್ಲಿಗೆ ಹೋಗುವವನು, ವರ್ಷದಲ್ಲಿ ಮನೆಯಲ್ಲಿರುವುದು ಕಡಿಮೆ. ಮಗಳು ಸುಶ್ಮಿತಾ ಅತ್ತೆಯ ಹತ್ತಿರ ಶಾಲೆಗೆ ಹೋಗುತ್ತಿದ್ದಳು. ರಾಧಾ ರಾಯದುರ್ಗದಲ್ಲಿ ಹಂಪಕ್ಕನ ಓಣಿಯಲ್ಲೇ ಒಂದು ರೂಮು ಹಿಡಿದಿದ್ದಳು. ಸಂಜೆ ಮಗಳ ಫೋನು ಬಂದರೆ ಬಟ್ಟೆಯ ಥಾನುಗಳ ಮರೆಗೆ ಹೋಗಿ ಮಾತಾಡುವಳು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುವಳು.

ಯೂನಿಟ್ಟಿನ ಯಜಮಾನ ಸಾಯಿಪ್ರಸಾದ್ ಒಂದು ದಿನ ಅವಳಿಗೆ ಹೇಳಿದರು: “ನಾಗಪುರದ ಕಂಪನಿಯೋರು ಸ್ಕೂಲ್ ಪ್ಯಾಂಟ್ ಹೊಲಿಸ್ತಾರಂತ, ದರ ಬರದು ಕಳಸ್ರಿ ಅಂದಾರ. ಅದು ಸಿಕ್ರ ಇಲ್ಲಿ ಜಾಗ ಸಾಲಂಗಿಲ್ಲ. ಮಡಕಶಿರಾದಾಗ ಒಂದು ಶೆಡ್ ಹಾಕ್ತೀನಿ. ಅದರ ಆಫೀಸ್ ನೀನ ನೋಡ್ಕೋಬೇಕವ್ವ.”

ರಾಧಾಳ ಬಾಯಲ್ಲಿ ಆಮೇಲೆ ಮಡಕಶಿರಾದ್ದೇ ಮಾತು. ಬೆಳಿಗ್ಗೆ ಅಗಳಿಯಲ್ಲಿ ಬಸ್ಸು ಹತ್ತಿದರೆ ಸಂಜೆಗೆ ಮನೆ. ಮಗಳ ಜಡೆ ತಾನೇ ಹಾಕಬಹುದು.

ಸ್ಯಾಂಪಲ್ ಪ್ಯಾಂಟು ಹೊಲಿದಾಯಿತು. ಅದರ ಫೋಟೋ, ಅಳತೆ, ದರ ಎಲ್ಲವನ್ನೂ ರಾಧಾ ಮೇಲ್ ಮಾಡಿದಳು. ಅವರು ಹೂಂ ಎಂದ ಮೇಲೆ ಪ್ಯಾಂಟು ಕಳಿಸುವುದು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದಳು. ಸಾಯಿಪ್ರಸಾದ್ ಒಳಗೆ ಬಂದಾಗಲೆಲ್ಲ “ಏಮಮ್ಮಾ, ವಚ್ಚಿಂದಾ?” ಎಂದು ತೆಲುಗಿನಲ್ಲಿ ಕೇಳುವರು. ಬಂತೇ ಎಂದರೆ ರಾಧಾ ಮತ್ತೊಮ್ಮೆ ಮೇಲ್ ತೆರೆದು ನೋಡುವಳು.

“ಅವರಿಗೆ ಬ್ಯಾಡಾಗಿರಬೇಕು ಬಿಡವ್ವ,” ಎಂದಳು ಹಂಪಕ್ಕ. ಅಷ್ಟರಲ್ಲಿ ಅವಳ ಬಾಯಲ್ಲಿ ರಾಧಾ ಮೇಡಂ ಹೋಗಿ ಅವ್ವ ಆಗಿದ್ದಳು.

“ಬೇಡ ಅಂದ್ರೆ ಬೇಡ ಅಂತ ಬರೀಲಿ. ಸುಮ್ಕಿದ್ರೆ ಏನಂತ ತಿಳ್ಕಳಾದಮ್ಮ?”

ಮರುದಿನ ಊಟದ ಹೊತ್ತಿಗೆ ರಾಧಾ ಫೋನು ಹಿಡಿದು ಬಂದು ಪ್ಯಾಂಟಿನ ಗುಡ್ಡೆಗೆ ಒರಗಿ ಕೂತಳು. ಯೂನಿಟ್ಟಿನ ಇಮೇಲ್ ವಿಳಾಸದಿಂದ ತನ್ನ ಸ್ವಂತ ವಿಳಾಸಕ್ಕೇ ಒಂದು ಮೇಲ್ ಕಳಿಸಿ ನೋಡಿದ್ದಳು.

“ನೋಡಮ್ಮ, ನಾನ್ ಕಳ್ಸಿದ್ದು ನನಗೇ ಸರಿಯಾಗಿ ಮುಟ್ಟಿಲ್ಲ. ಲಾಟರಿ ಬಂತು, ಸಾಲ ಕೊಡ್ತೀವಿ ಅಂತ ಮೋಸದ ಮೇಲ್ ಬತ್ತಾವಲ್ಲ, ಅವನ್ನ ಹಾಕೋ ಸ್ಪ್ಯಾಮ್ ಪೆಟ್ಟಿಗೇಲಿ ಬಿದ್ದೈತೆ. ನಾಗಪುರದಲ್ಲೂ ಹಿಂಗೇ ಆಗಿರ್ಬೇಕು.”

“ಯಾರು ಹಾಕಿದ್ರು?”

“ಯಾರೂ ಅಲ್ಲ. ಒಳ್ಳೇದು, ಕೆಟ್ಟದ್ದು ಅಂತ ಕಂಪ್ಯೂಟರೇ ಬೇರೆ ಮಾಡ್ತೈತೆ.”

“ಮತ್ತ ನಿನ್ ಮ್ಯಾಲ ಅದಕ್ಕೇನವ್ವ ಸಿಟ್ಟು?”

ಅದನ್ನೇ ಹುಡುಕಲು ಹೊರಟಳು ರಾಧಾ. ಫೋಟೋಗಳ ಭಾರ ಹೆಚ್ಚಾಯಿತೇನೋ ಎಂದು ಅವನ್ನು ತೆಗೆದು ಕಳಿಸಿದಳು. ಅದೂ ಆ ಪೆಟ್ಟಿಗೆಗೇ ಹೋಯಿತು. ಯಜಮಾನರ ಇಷ್ಟದಂತೆ ಕೆಂಪು ದಪ್ಪಕ್ಷರದಲ್ಲಿ ‘ಅರ್ಜೆಂಟ್ ಅರ್ಜೆಂಟ್’ ಎಂದು ಹಾಕುತ್ತಿದ್ದಳು, ಅದನ್ನು ಬಿಟ್ಟಳು. ಆಗಲೂ ಅಷ್ಟೇ. ಕೊನೆಗೆ, ಯೂನಿಟ್ಟಿನ ಹೆಸರಿನಲ್ಲಿ ಮೇಲ್ ವಿಳಾಸ ಮಾಡಿಕೊಟ್ಟಿದ್ದ ಬಳ್ಳಾರಿಯ ಕಂಪ್ಯೂಟರ್ ಅಂಗಡಿಯ ವೆಂಕಟಪ್ಪನನ್ನು ಕರೆಸಿದರು.

ಅವನು ಬಹಳ ಹೊತ್ತು ನೋಡಿದ. “ಈ ಹೆಸರಿನ ಮೇಲ್ ನಿಮ್ಮಲ್ಲಿಂದನ ಬರ್ತೈತಿ ಅಂತ ಒಂದು ಗುರುತು ಕೂಡಿಸಬೇಕಿತ್ತು. ನಾನ ಮಾಡಬೇಕಿತ್ತು, ಉಳದೈತಿ. ಅದನ್ನ ಈಗ ಮಾಡ್ತೀನಿ. ಆದ್ರ ಇನ್ನೊಂದು ಹೇಳ್ರಿ, ಯಾವಾಗರ ಒಂದ ಸಲಕ್ಕ ಭಾಳ ಮಂದಿಗೆ ಕಳಿಸಿದ್ರೇನು?”

ರಾಧಾ ತಲೆ ಎತ್ತಲಿಲ್ಲ. “ಆಯುಧ ಪೂಜೆ,” ಎಂದಳು.

ಪೂಜೆಯ ದಿನ ಯೂನಿಟ್ಟಿನಲ್ಲಿ ಮಿಷಿನ್ನುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ಕರೆಯುವಾಗ ಒಬ್ಬರನ್ನು ಬಿಟ್ಟರೂ ವರ್ಷವೆಲ್ಲ ಮುನಿಸು. ಆ ಸಲ ಸಾಯಿಪ್ರಸಾದ್ “ಯಾರನ್ನೂ ಬಿಡಬ್ಯಾಡವ್ವ” ಎಂದಿದ್ದರು. ರಾಧಾ ಕಂಪ್ಯೂಟರಿನಲ್ಲಿದ್ದ ಅಷ್ಟೂ ವಿಳಾಸಕ್ಕೆ ಕರೆಯೋಲೆ ಕಳಿಸಿದ್ದಳು. ಅದರಲ್ಲಿ ಎಂದೋ ಒಮ್ಮೆ ದರ ಕೇಳಿದವರು, ಸೂರತ್ತಿನ ಬಟ್ಟೆಯವರು, ಇಂಟರ್ನೆಟ್ಟಿನಿಂದ ಬರೆದಿಟ್ಟುಕೊಂಡ, ಮುಖ ಪರಿಚಯವೇ ಇಲ್ಲದ ಕಂಪನಿಗಳು ಎಲ್ಲ ಇದ್ದವು. ಹಿಂದಿನ ವರ್ಷದ ಪೂಜೆಯಲ್ಲಿ ಮಿಷಿನ್ನಿಗೆ ಕುಂಕುಮ ಇಡುತ್ತಿದ್ದ ಹಂಪಕ್ಕನ ಕೈಯ ಫೋಟೋ ಅದರಲ್ಲಿತ್ತು.

“ಗುರುತಿಲ್ಲದೋರು ‘ಇದು ಬ್ಯಾಡಾದ್ದು’ ಅಂತ ಒತ್ತಿರ್ತಾರ್ರಿ,” ಎಂದ ವೆಂಕಟಪ್ಪ. “ಅಂಥೋರು ಭಾಳ ಆದ್ರ, ಆಮ್ಯಾಲ ನಿಮ್ಮ ಹೆಸರಿನ್ಯಾಗ ಏನ ಹೋದ್ರೂ ಅನುಮಾನನ.”

“ಪೂಜೆಗೆ ಕರದದ್ದು ತಪ್ಪೇನಪ?” ಎಂದರು ಸಾಯಿಪ್ರಸಾದ್.

“ಕರದದ್ದು ತಪ್ಪಲ್ಲ ಸಾರ್. ಯಾರದೋ ಮನೀ ಬಾಗ್ಲಾ ಬಡದೀರಿ.”

ಕೆಟ್ಟ ಹೆಸರು ನಿಧಾನಕ್ಕೆ ಸರಿಹೋಗುತ್ತದೆ, ಅಲ್ಲಿಯವರೆಗೆ ನಾಗಪುರಕ್ಕೆ ಫೋನ್ ಮಾಡಿ ಆ ಪೆಟ್ಟಿಗೆ ತೆಗೆದು ನೋಡಲು ಹೇಳಿ ಎಂದು ತಿಳಿಸಿ ವೆಂಕಟಪ್ಪ ಹೋದ. ರಾಧಾಳ ಕೈ ಫೋನಿನ ಕಡೆ ಹೋಗಲೇ ಇಲ್ಲ.

“ನಾವಾಗಿ ಕೇಳಿದ್ರೆ ಬೇಡ್ದಂಗಾಗ್ತೈತೆ ಕಣಮ್ಮ. ಅವ್ರೇ ಬೇಡ ಅಂತ ಬಿಟ್ಟಿದ್ರೆ?”

ಹಂಪಕ್ಕ ಕತ್ತರಿ ಕೆಳಗಿಟ್ಟಳು. “ನಮ್ಮ ಮನಿಯೋರು ಬೊಮ್ಮನಹಾಳ್ ಕಡೆ ಭತ್ತ ಕೊಯ್ಯಾಕ ಹೋಗ್ತಿದ್ರು. ಯಾವಾಗ ಬರ್ತೀರಿ ಅಂತ ನಾನು ಒಂದು ಮಾತು ಹೇಳಿ ಕಳಿಸ್ದಾಕಿ ಅಲ್ಲ. ಸಂಜಿ ಆದ್ರ ಬಾಗ್ಲಾಗ ಕೂಡ್ತಿದ್ದೆ. ಅವರು ಬಂದು, ನೀ ಕರದಿದ್ರ ಮೊದ್ಲ ಬರ್ತಿದ್ದೆ, ಅಂತಿದ್ರು. ಈಗ ಕರೀಬೇಕಂದ್ರ ಅವರಿಲ್ಲ. ನೀ ಕೇಳವ್ವ. ನಾಗಪುರದೋರು ಇನ್ನ ಅದಾರ.”

ಮರುದಿನ ಬೆಳಿಗ್ಗೆ ರಾಧಾ ಫೋನ್ ಮಾಡಿದಳು. ಹರಕು ಮುರುಕು ಹಿಂದಿ. ಅತ್ತ ಯಾರೋ ಹುಡುಕುತ್ತಿದ್ದರು. ಹಂಪಕ್ಕ ಕತ್ತರಿ ಆಡಿಸದೆ ಕೂತಳು. ಮಿಷಿನ್ನುಗಳ ಸದ್ದಿನ ನಡುವೆ “ಹಾಂ ಜೀ… ಹಾಂ ಜೀ” ಕೇಳಿಸಿತು. ರಾಧಾ ಹೊರಗೆ ಬಂದು ಹಂಪಕ್ಕನ ಪಕ್ಕ ಕೂತಳು.

“ಎಲ್ಲಾ ಅಲ್ಲೇ ಕೂತಾವಂತೆ ಅಮ್ಮಾ. ಫೋಟೋ, ದರ, ನಿಮ್ ಕುಂಕುಮದ ಕೈ ಕೂಡ. ನಾವೇ ಏನೂ ಕಳಿಸ್ಲಿಲ್ಲ ಅಂತ ಅವ್ರು ಕಾಯ್ತಿದ್ರಂತೆ.”

ಕಾದು ಕಾದು ಅರ್ಧ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಉಳಿದ ಅರ್ಧ ಬಂತು. ಅಷ್ಟಕ್ಕೆ ದೊಡ್ಡ ಶೆಡ್ ಬೇಕಿರಲಿಲ್ಲ, ಚಿಕ್ಕದೇ ಆಯಿತು. ಮಡಕಶಿರಾಕ್ಕೆ ಮಿಷಿನ್ನುಗಳು ಹೊರಟ ದಿನ ರಾಧಾಳೂ ಹೊರಟಳು.

ಈಗ ಹಂಪಕ್ಕನ ಚಪ್ಪಲಿಯ ಪಕ್ಕ ಯಾರೂ ಬಿಡುವುದಿಲ್ಲ. ಆಫೀಸಿಗೆ ಹೊಸಬರು ಬಂದರೂ ಅವರ ಚಪ್ಪಲಿ ಆ ಕಡೆಯ ಗೋಡೆಗೆ. ಮೊದಮೊದಲು ರಾಧಾಳ ಫೋನು ದಿನವೂ ಬರುತ್ತಿತ್ತು. ಸುಶ್ಮಿತಾಳ ಜಡೆ, ಶೆಡ್ಡಿನ ಕರೆಂಟು, ಕುರಿ ಜೊತೆ ಊರಿಗೆ ಬಂದ ರಂಗನಾಥ್, ಎಲ್ಲ ಸುದ್ದಿ. ಕೆಲಸ ಹೆಚ್ಚಿದಂತೆ ಫೋನು ಕಡಿಮೆಯಾಯಿತು. ಈಚೆಗೆ ಇಲ್ಲವೇ ಇಲ್ಲ. ಹಂಪಕ್ಕ ಸಂಜೆ ಬಾಗಿಲಲ್ಲಿ ಕೂರುತ್ತಾಳೆ, ಮಡಿಲಲ್ಲಿ ಫೋನು. ಹೆಸರು ಓದುವ ಕಷ್ಟ ಬೇಡವೆಂದು ರಾಧಾ ತನ್ನ ಮುಖದ ಫೋಟೋವನ್ನೇ ಅದರಲ್ಲಿ ಹಾಕಿಕೊಟ್ಟಿದ್ದಾಳೆ, ಒತ್ತಿದರೆ ಸಾಕು.

ಹೊರಟ ದಿನ ಚಪ್ಪಲಿ ಮೆಟ್ಟಲು ಬಾಗಿದಾಗ ರಾಧಾ ತನ್ನ ಬೆರಳು ತೋರಿಸಿದ್ದಳು. ಉಗುರಿನ ಸಂದಿ ನೀಲಿಯಾಗಿತ್ತು. “ನೀವಂದಂಗೇ ಆಯ್ತು ನೋಡಮ್ಮ,” ಎಂದು ನಕ್ಕಳು. ಬಸ್ಸು ಹತ್ತಿ, ಕಿಟಕಿಯಿಂದ ಬಗ್ಗಿ ಕೇಳಿದ್ದಳು:

“ಅಮ್ಮಾ, ನನ್ ಸುದ್ದಿ ಬರದೇ ಹೋದ್ರೆ ಬಾಗ್ಲಲ್ಲಿ ಕೂತು ಕಾಯ್ತೀರಾ, ಇಲ್ಲ ನೀವಾಗೇ ಒಂದ್ಸಲ ಕೇಳ್ತೀರಾ?”