ಹಡಗು ಉಳಿಸುವ ಆಟ

ಚೆನ್ನೈಯ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ನನ್ನ ಅಣ್ಣನದೊಂದು ಸಣ್ಣ ಹೋಟೆಲ್ ಇತ್ತು. ಉಡುಪಿ ಕಡೆಯಿಂದ ಬಂದ ನಮ್ಮ ಅಪ್ಪ ಶುರುಮಾಡಿದ್ದು. ಒಂದು ಸಂಜೆ ಅದರ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಅಪ್ಪನ ಕಾಲದಿಂದ ನಮ್ಮಲ್ಲಿದ್ದ ಅಡುಗೆ ಭಟ್ಟರು ತೀರಿಕೊಂಡರು. ಅವರನ್ನು ಎಳೆದು ತರಲು ನುಗ್ಗಿದ ಅಣ್ಣನ ಎರಡೂ ಕೈ ಸುಟ್ಟವು. ಜೀವ ಉಳಿಯಿತು, ಆದರೆ ಬೆರಳುಗಳು ಒಳಕ್ಕೆ ಬಾಗಿ ಹಾಗೆಯೇ ನಿಂತುಬಿಟ್ಟವು. ಹೋಟೆಲ್ ಮತ್ತೆ ತೆರೆಯಲಿಲ್ಲ.

ನಾನು ವೆಸ್ಟ್ ಮಾಂಬಲಂನಲ್ಲಿದ್ದೆ. ಭಾನುವಾರ ಆಫೀಸಿಗೆ ರಜೆ, ಅವತ್ತು ಅಣ್ಣನ ಮನೆಗೆ ಹೋಗುತ್ತಿದ್ದೆ. ಮೊದಲು ಗಲ್ಲಿಯ ತುದಿಗೂ ಕೇಳುತ್ತಿದ್ದ ದನಿ ಅವನದು. ಈಗ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಅತ್ತಿಗೆ ಅನ್ನ ಕಲಸಿ ತಂದರೆ ಬಾಯಿ ತೆರೆಯುತ್ತಿದ್ದ. ಬಂದವರೆಲ್ಲ "ನಿಮ್ಮಂಥ ಧೈರ್ಯಸ್ಥರು ಅಪರೂಪ" ಎನ್ನುತ್ತಿದ್ದರು. ಅವನು ಗೋಡೆ ನೋಡುತ್ತಿದ್ದ.

ಅವನ ಮಗಳು ಆಗ ಪ್ಲಸ್ ಒನ್ ಓದುತ್ತಿದ್ದಳು. ಮೊದಲೆಲ್ಲ ಹೋಟೆಲಿನ ರಜೆಯ ದಿನ ಅಪ್ಪ ಮಗಳು ಟಿವಿಗೆ ಹಚ್ಚಿ ಒಂದು ವಿಡಿಯೋ ಗೇಮ್ ಆಡುತ್ತಿದ್ದರು. ಮುಳುಗುವ ಹಡಗನ್ನು ಎಲ್ಲರೂ ಸೇರಿ ದಡ ಮುಟ್ಟಿಸುವ ಆಟ. ಈಗ ಅದನ್ನು ಆಡಿಸುವ ಗುಂಡಿಗಳನ್ನು ಅವನ ಬೆರಳು ಒತ್ತಲಾರದು. ಅದೇ ಆಟವನ್ನು ಯಾರೋ ದಾಳದ ಆಟವಾಗಿ ಮಾಡಿದ್ದಾರೆಂದು ಹುಡುಕಿ, ಅವಳು ಒಂದು ಡಬ್ಬಿ ತರಿಸಿದಳು.

"ಅಪ್ಪಾ, ಇದ್ರಲ್ಲಿ ಕೈ ಕೆಲಸ ಅಷ್ಟು ವೇಂಡಾಂ. ದವರಾದಲ್ಲಿ ಹಾಕಿ ಕುಲುಕಿದ್ರೆ ಸಾಕು," ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ, ಕಾಫಿ ಕುಡಿಯುವ ಅಗಲ ಬಟ್ಟಲು ದವರಾ ತಂದು ಅವನ ಅಂಗೈಗಳ ನಡುವೆ ಇಟ್ಟಳು.

ಅಣ್ಣ ಬೇಡವೆನ್ನಲಿಲ್ಲ. ಅದೇ ನಮಗೆ ದೊಡ್ಡದಾಗಿತ್ತು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು.

ಸರದಿ ಎಂಬುದಿಲ್ಲ. ಮರಳಿನ ಗಡಿಯಾರ ತಿರುಗಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ದಾಳ ಹಾಕಬೇಕು. ದಾಳದ ಮೇಲೆ ಹಗ್ಗದ ಚಿತ್ರ ಬಿದ್ದರೆ ಹಾಯಿಗೆ, ಸುತ್ತಿಗೆ ಬಿದ್ದರೆ ತೂತು ಮುಚ್ಚಲು. ಬೆಂಕಿ ಬಿದ್ದರೆ ಆ ದಾಳ ಅಲ್ಲೇ ಕಟ್ಟುಬೀಳುತ್ತದೆ, ಮತ್ತೆ ಹಾಕುವಂತಿಲ್ಲ. ಇನ್ನೊಬ್ಬರು ನೀರಿನ ಮುಖ ಬೀಳಿಸಿ ಬಿಡಿಸಬೇಕು. ಯಾರಿಗೆ ಏನು ಬೇಕೆಂದು ಕೂಗದಿದ್ದರೆ ತಿಳಿಯುವುದಿಲ್ಲ. ಒಬ್ಬರು ಸೋತರೆ ಎಲ್ಲರೂ ಸೋತಂತೆ.

ಮೊದಲ ಸಲ ಹಡಗು ಮುಳುಗಿತು. ಎರಡನೆಯ ಸಲ ನಾವು ಆಟದೊಳಗೆ ಇಳಿದುಬಿಟ್ಟೆವು. "ಸುತ್ತಿಗೆ ಯಾರ ಹತ್ರ ಉಂಟು?" ಎಂದು ಅತ್ತಿಗೆ, "ಅತ್ತೆ, ಸೀಕ್ರಂ, ಸೀಕ್ರಂ!" ಎಂದು ನನ್ನನ್ನು ಅವಸರಿಸುವ ಹುಡುಗಿ. ಅಣ್ಣ ದವರಾ ಕುಲುಕಿ ಸುರಿಯುತ್ತಿದ್ದ. "ಹಗ್ಗ ಉಂಟು, ತಗೊಳ್ಳಿ!" ಎಂದು ಅವನೂ ಒಮ್ಮೆ ಕೂಗಿದ. ಅತ್ತಿಗೆ ನನ್ನ ಮುಖ ನೋಡಿದರು.

ಆಗ ಹುಡುಗಿಯ ದಾಳಗಳು ಕಟ್ಟುಬಿದ್ದವು. "ನೆರುಪ್ಪು! ಅಪ್ಪಾ, ಬೆಂಕಿ, ಬೆಂಕಿ!" ಎಂದು ಕಿರುಚಿದಳು.

ದವರಾ ನೆಲಕ್ಕೆ ಬಿತ್ತು. ಅಣ್ಣ ಎದ್ದು ಅಡುಗೆಮನೆಗೆ ಓಡಿದ. ನಾವು ಹೋಗುವಷ್ಟರಲ್ಲಿ ಸಿಲಿಂಡರಿನ ಮುಂದೆ ಮಂಡಿಯೂರಿ, ಆ ಬಾಗಿದ ಬೆರಳುಗಳಿಂದ ರೆಗ್ಯುಲೇಟರನ್ನು ತಿರುಗಿಸಲು ಹೆಣಗುತ್ತಿದ್ದ. ಒಲೆ ಹೊತ್ತಿರಲೇ ಇಲ್ಲ. ಅತ್ತಿಗೆ ಬಗ್ಗಿ ರೆಗ್ಯುಲೇಟರನ್ನು ತಿರುಗಿಸಿ ಮುಚ್ಚಿ, "ಆಯ್ತು, ಬಂದ್ ಆಯ್ತು, ನೋಡಿ," ಎಂದರು. ಹುಡುಗಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಅಣ್ಣ ನೆಲದ ಮೇಲೆಯೇ ಕೂತ. ಅಲ್ಲಿಂದಲೇ ಹೇಳಿದ:

"ಭಟ್ರು ಅವತ್ತು ಕೂಗಿದ್ದರು. ನನಗೆ ಕೇಳಿತ್ತು. 'ಗ್ಯಾಸ್, ಗ್ಯಾಸ್' ಅಂತ. ಸಿಲಿಂಡರ್ ಮುಗಿಯಿತು, ಬೇರೆ ಹಾಕಿ ಅಂತ ಹೇಳುವುದು ಅಂತ ಎಣಿಸಿದೆ. ಮುಗಿದಾಗೆಲ್ಲ ಹಾಗೇ ಹೇಳುವುದಲ್ಲವಾ. ಎದುರಿಗೆ ಜನ ನಿಂತಿದ್ದರು. 'ಬಂದೆ ಭಟ್ರೇ, ಒಂದು ನಿಮಿಷ' ಅಂದೆ."

ಅವನೇ ಮುಂದುವರಿಸಿದ. "ಅವರ ಹೆಂಡತಿಗೆ ನಾವು ಎಂತ ಹೇಳಿದ್ದು? ಎಲ್ಲ ಒಮ್ಮೆಲೇ ಆಯಿತು, ಯಾರಿಗೂ ಗೊತ್ತಾಗಲಿಲ್ಲ ಅಂತ. ಅದು ಸುಳ್ಳು."

"ಈಗ ಹೇಳಿ ಎಂತ ಆಗ್ಬೇಕು?" ಅತ್ತಿಗೆಯ ದನಿ ಏರಿತು. "ಅವರಿಗೆ ಅಷ್ಟಾದರೂ ನೆಮ್ಮದಿ ಉಂಟು. ಅದನ್ನೂ ತೆಗೀತೀರಾ?"

ಆ ಆಟದ ಡಬ್ಬಿಯನ್ನು ಹುಡುಗಿ ಮರುದಿನವೇ ಯಾರೋ ಗೆಳತಿಗೆ ಕೊಟ್ಟುಬಿಟ್ಟಳಂತೆ.

ಮುಂದಿನ ಭಾನುವಾರ ನಾನು ಹೋದಾಗ ಅಣ್ಣ ಅಂಗಿ ಹಾಕಿಕೊಂಡು, ಭಟ್ಟರ ಹೆಂಡತಿಯ ಹತ್ತಿರ ಹೋಗಲು ಕಾಯುತ್ತಿದ್ದ. ಅತ್ತಿಗೆ ಬರುವುದಿಲ್ಲ ಎಂದುಬಿಟ್ಟಿದ್ದರು. ಬಸ್ಸಿನ ಕಂಬಿ ಹಿಡಿಯಲೂ ಆಗದವನನ್ನು ಒಬ್ಬನೇ ಕಳಿಸುವುದು ಹೇಗೆ? ನಾನು ಜೊತೆಗೆ ಹೊರಟೆ.

ಭಟ್ಟರ ಹೆಂಡತಿ ಮಣಲಿಯಲ್ಲಿ ಮಗಳ ಮನೆಯಲ್ಲಿದ್ದರು. ಅಳಿಯನಿಗೆ ಅಲ್ಲಿನ ತೈಲ ಕಾರ್ಖಾನೆಯೊಂದರಲ್ಲಿ ಕೆಲಸ. ಬಸ್ಸಿಳಿಯುತ್ತಿದ್ದಂತೆ ಎಣ್ಣೆಯ ಘಾಟು ಗಂಟಲಿಗೆ ಹತ್ತಿತು. ಮಗಳು, ಅಳಿಯ ಮನೆಯಲ್ಲಿರಲಿಲ್ಲ. ಆಕೆ ಒಬ್ಬರೇ ಸೊಪ್ಪು ಬಿಡಿಸುತ್ತ ಕೂತಿದ್ದರು. ಅಣ್ಣನ ಕೈ ನೋಡಿ, "ಇನ್ನೂ ನೋವುಂಟಾ?" ಎಂದು ಕೇಳಿದರು.

ಅಣ್ಣ ಕುಳಿತುಕೊಳ್ಳದೆಯೇ ಎಲ್ಲವನ್ನೂ ಹೇಳಿದ. ನಮಗೆ ಹೇಳಿದಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಕೆ ಸೊಪ್ಪಿನ ಮೇಲಿಂದ ಕೈ ತೆಗೆದರು. "ಎಷ್ಟು ಸಲ ಕೂಗಿದರು?"

"ನನಗೆ ಕೇಳಿದ್ದು ಎರಡು ಸಲ."

"ಅವರಿಗೆ ಜೋರಾಗಿ ಕೂಗಲಿಕ್ಕೆ ಬರುತ್ತಿರಲಿಲ್ಲ," ಎಂದರು ಆಕೆ. "ಮನೆಯಲ್ಲೂ ಹಾಗೆ. ಹತ್ತಿರ ಬಂದೇ ಹೇಳುವುದು." ಮತ್ತೆ ಒಳಗೆ ಹೋಗಿ ಎರಡು ಲೋಟ ನೀರು ತಂದಿಟ್ಟರು. ಅಣ್ಣನ ಲೋಟವನ್ನು ನಾನು ಹಿಡಿದು ಕುಡಿಸಿದೆ. ಆಕೆ ಅದನ್ನೇ ನೋಡುತ್ತಿದ್ದರು. ನಾವು ಹೊರಟಾಗ ಬಾಗಿಲ ತನಕ ಬಂದು, ಸಿಟ್ಟಿಲ್ಲದ ದನಿಯಲ್ಲಿ, "ಇನ್ನು ಬರಬೇಡಿ," ಎಂದರು.

ಹೇಳಿಬಿಟ್ಟರೆ ಅವನ ಎದೆ ಹಗುರಾಗಬಹುದೆಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಅತ್ತಿಗೆ ಎಷ್ಟೋ ದಿನ ಅವನೊಡನೆ ಮಾತು ಬಿಟ್ಟರು. ಊಟ ಮಾತ್ರ ಮೊದಲಿನಂತೆ ಕಲಸಿ ಕೊಡುತ್ತಿದ್ದರು. ಹೋಟೆಲಿನ ಜಾಗ ಮೊಬೈಲ್ ಅಂಗಡಿಯಾಯಿತು. ಅಣ್ಣ ಪರಿಚಯದವರ ಪುಸ್ತಕದಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂರತೊಡಗಿದ.

ಭಟ್ಟರ ವರ್ಷಾಂತಿಕಕ್ಕೆ ನಮಗೆ ಕರೆ ಬರಲಿಲ್ಲ. ಅದು ಮುಗಿದುಹೋದ ಮೇಲೆ ಯಾರೋ ಹೇಳಿ ತಿಳಿಯಿತು. ಅಣ್ಣ ಎದ್ದು, ಸತ್ತವರ ಮನೆಯವರಂತೆ, ತಲೆಗೆ ನೀರು ಹಾಕಿಕೊಂಡು ಬಂದ. ಅತ್ತಿಗೆ ತಟ್ಟೆ ತಂದಾಗ, ಇವತ್ತು ಊಟ ಬೇಡ ಎಂದ.