ಹಸಿದ ಕೌದಿ

೧೯೭೯ರ ಸಂಕ್ರಾಂತಿಯ ಆಸುಪಾಸಿನ ಮಾತು. ಆ ವರ್ಷ ನಮ್ಮ ಇಚಲಕರಂಜಿಯಲ್ಲಿ ಎಂಥ ಚಳಿ ಬಿದ್ದಿತ್ತೆಂದರೆ, ಶೀಶೆಯೊಳಗಿನ ಕೊಬ್ಬರಿ ಎಣ್ಣೆ ಮಧ್ಯಾಹ್ನದವರೆಗೂ ಕರಗುತ್ತಿರಲಿಲ್ಲ. ನನ್ನ ಗಂಡ ಪಾವರ್‌ಲೂಮಿನಲ್ಲಿ ಮಗ್ಗ ನಡೆಸುತ್ತಿದ್ದರು, ನಾನು ಮನೆಯಲ್ಲಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ನಾವಿದ್ದ ಚಾಳೆಂಬ ವಠಾರದ ತುಂಬ ನಮ್ಮ ಹಾಗೇ ತೇರದಾಳ, ರಬಕವಿ, ಜಮಖಂಡಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಮಂದಿ. ಮನೆಯೊಳಗೆ ಕನ್ನಡ, ಮಾಲಕರ ಮುಂದೆ ಮರಾಠಿ, ನಳದ ಹತ್ತಿರ ಜಗಳಕ್ಕೆ ಮಾತ್ರ ಎರಡೂ.

ಆ ಚಾಳಿನಲ್ಲಿ ನಮ್ಮದೊಂದು ಕೌದಿ ಮಂಡಳ ಇತ್ತು. ಮಂಡಳ ಎಂದರೆ ಬೋರ್ಡು, ಅಧ್ಯಕ್ಷರು, ಸಭೆ ಎಂದೆಲ್ಲ ತಿಳಿಯಬೇಡಿ. ಮಗ್ಗಗಳಿಗೆ ಸೂಟಿ ಇದ್ದ ದಿನ ಗಂಗವ್ವನ ಮನೆಯ ಮುಂದಿನ ಕಟ್ಟೆಯ ಮೇಲೆ ಹತ್ತಾರು ಹೆಂಗಸರು ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದೆವು, ಅಷ್ಟೇ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಮಗ್ಗದ ಶೆಡ್ಡಿನಿಂದ ತಂದ ಚಿಂದಿಯನ್ನು ಬಣ್ಣ ನೋಡಿ ಜೋಡಿಸಿ ಹೊಲಿಗೆ ಹಾಕುವುದು. ಯಾರದಾದರೂ ಮನೆ ಸುಟ್ಟರೆ, ಯಾರ ಮಗಳದಾದರೂ ಮದುವೆಯಾದರೆ, ಪಕ್ಕದ ಕೊರೋಚಿಯಲ್ಲಿ ಯಾರಾದರೂ ಹೊಸದಾಗಿ ಬಂದು ಬರೀ ನೆಲದ ಮೇಲೆ ಸಂಸಾರ ಹೂಡಿದರೆ ಅವರಿಗೆ ಮಂಡಳದಿಂದ ಒಂದು ಕೌದಿ. ಇದಕ್ಕೆಲ್ಲ ಹಿರಿಯಳು ಗಂಗವ್ವ. ಹಲ್ಲು ಅರ್ಧ ಹೋಗಿದ್ದವು, ನಾಲಿಗೆ ಮಾತ್ರ ಪೂರ್ತಿ ಇತ್ತು. ಹೊಲಿಗೆ ಸ್ವಲ್ಪ ಸೊಟ್ಟಗಾದರೆ, "ಏನ ಬೇ, ಕುಡದ ಹೊಲದೀ ಏನ?" ಎಂದು ಎಲ್ಲರೆದುರಿಗೆ ಕೇಳಿಬಿಡುತ್ತಿದ್ದಳು.

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತು ಹಾಕುತ್ತ ಹಾಕುತ್ತ ಕೊನೆಗೆ ನಡುವಿಗೆ ಬರುತ್ತದೆ. ಆ ನಟ್ಟನಡುವಿನ ಚೌಕಕ್ಕೆ ನಾವು ಕೌದಿಯ ಹೊಟ್ಟೆ ಎನ್ನುತ್ತೇವೆ. ಅದನ್ನು ಮುಚ್ಚಿ ಹೊಲಿಯುವ ಮುಂಚೆ ಒಳಗೊಂದು ತುಂಡು ರೊಟ್ಟಿ ಇಟ್ಟು, ಅರಿಷಿಣ ಕುಂಕುಮ ಹಚ್ಚುವುದು ನಮ್ಮಲ್ಲಿಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ನಂಬಿಕೆ. ಹೊಟ್ಟೆ ಖಾಲಿ ಬಿಟ್ಟರೆ ಅದು ಹಸಿದ ಕೌದಿ. ಅದನ್ನು ಯಾರೂ ಹೊದೆಯುವುದಿಲ್ಲ, ಅದರಲ್ಲೂ ಕೂಸಿಗಂತೂ ಹೊದಿಸುವುದೇ ಇಲ್ಲ. ನನಗೆ ಇದೆಲ್ಲ ಅಷ್ಟಕ್ಕಷ್ಟೇ. ಎಲ್ಲರೂ ಇಡುತ್ತಾರೆಂದು ನಾನೂ ಇಡುತ್ತಿದ್ದೆ.

ಅದರ ಹಿಂದಿನ ವರ್ಷ ಕೊಲ್ಲಾಪುರದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ನಡೆದಾಗ ನಾವೂ ಒಂದು ಗಂಟು ಕೌದಿ ಹೊತ್ತುಕೊಂಡು ಹೋಗಿದ್ದೆವು. ಬಹುಮಾನ ಕಸೂತಿಯವರಿಗೆ ಹೋಯಿತು. ಗಂಗವ್ವ ಇಡೀ ದಿನ ಆ ಕಸೂತಿಯನ್ನು ಹೀಯಾಳಿಸುತ್ತ ಕೂತಳು. ಆದರೆ ಗಡಹಿಂಗ್ಲಜದಲ್ಲಿ ಸಣ್ಣ ಹೆರಿಗೆ ಆಸ್ಪತ್ರೆ ನಡೆಸುವ ಒಬ್ಬರು ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ನಮ್ಮ ಕೌದಿಗಳನ್ನು ಮುಟ್ಟಿ ಮುಟ್ಟಿ ನೋಡಿ, "ನಮ್ಮಲ್ಲೆ ಹುಟ್ಟೋ ಕೂಸುಗೋಳಿಗೆ ಹಿಂತಾವ ಸಣ್ಣು ಮಾಡಿ ಕೊಡ್ತೀರೇನ್ರಿ? ಸುತ್ತ ಹಳ್ಳಿಯವ್ರು ಬರ್ತಾರ, ಹೊಚ್ಚಾಕ ಏನೂ ತಂದಿರಂಗಿಲ್ಲ" ಎಂದರು. ಗಂಗವ್ವನ ಮುಖ ಅರಳಿತು. ಬಹುಮಾನ ಸಿಕ್ಕಿದ್ದರೂ ಅಷ್ಟು ಖುಷಿಪಡುತ್ತಿರಲಿಲ್ಲ.

ದೀಪಾವಳಿಯೊಳಗೆ ಮೊದಲ ಗಂಟು ಹೋಯಿತು. ಕೆಲವೇ ದಿನಗಳಲ್ಲಿ ಡಾಕ್ಟರ್ ಬಾಯಿಯಿಂದ ಹೇಳಿಕೆ ಬಂತು. ಹೊಟ್ಟೆಯೊಳಗಿನ ರೊಟ್ಟಿಗೆ ಇರುವೆ ಹತ್ತಿ ಒಂದು ಕೂಸಿನ ಕಿವಿ ಕಚ್ಚಿದ್ದವಂತೆ. ಇನ್ನು ಮುಂದೆ ತಿನ್ನುವ ಪದಾರ್ಥ ಏನೂ ಇಡಕೂಡದು, ಇಡುವುದಾದರೆ ಕೌದಿಯೇ ಬೇಡ ಎಂದಿದ್ದರು. ತಪ್ಪೇನಿಲ್ಲ, ನಾನೇ ಡಾಕ್ಟರಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಗಂಗವ್ವ ಮಾತ್ರ ಸೂಜಿ ಕೆಳಗಿಟ್ಟಳು. "ಅಂಚ ಹೊಲೀತೇನಿ, ನಡಬರಕ ಬರಂಗಿಲ್ಲ. ಹಸದ ಕೌದಿ ಬಾಯಿ ಮುಚ್ಚಿದ ಪಾಪ ನನಗ ಬ್ಯಾಡವ್ವಾ."

"ಇಲ್ಲಿ ತಾ, ನಾ ಮುಚ್ಚತೇನಿ. ನನಗ ಯಾ ಪಾಪಾನೂ ಹತ್ತಂಗಿಲ್ಲ" ಎಂದು ನಾನು ಎಳೆದುಕೊಂಡೆ. ಆ ಎರಡನೇ ಗಂಟಿನ ಅಷ್ಟೂ ಕೌದಿಗಳ ಖಾಲಿ ಹೊಟ್ಟೆ ಹೊಲಿದವಳು ನಾನೇ. ಸಿಟ್ಟಿನಲ್ಲಿ ಹೊಲಿಗೆಯನ್ನು ಒತ್ತೊತ್ತಾಗಿ, ಗಟ್ಟಿಯಾಗಿ ಹಾಕಿದೆ. ಅದರ ಫಲ ಆಮೇಲೆ ಉಂಡೆ.

ಸಂಕ್ರಾಂತಿಗೆ ಒಂದೆರಡು ದಿನ ಇರುವಾಗ ನನ್ನ ನಾದಿನಿ ಕಸ್ತೂರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತೆಂದು ಅವರ ಊರಿನಿಂದ ಮಗ್ಗದ ಕೆಲಸಕ್ಕೆ ಬರುವವರೊಬ್ಬರು ಸುದ್ದಿ ತಂದರು. ಅವಳನ್ನು ಕೊಟ್ಟಿದ್ದು ಗಡಹಿಂಗ್ಲಜದ ಹತ್ತಿರದ ಹಳ್ಳಿಗೆ, ಕುರಿ ಸಾಕುವ ಮನೆಗೆ. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಅತ್ತೆಗೆ ನಡೆಯಲು ಬರುವುದಿಲ್ಲ. ಪಕ್ಕದ ಮನೆಯವರು ಗಾಡಿಯಲ್ಲಿ ಹಾಕಿಕೊಂಡು ಬಂದು ಅದೇ ಡಾಕ್ಟರ್ ಬಾಯಿಯ ಆಸ್ಪತ್ರೆಗೆ ಸೇರಿಸಿ ಹೋಗಿದ್ದರು. ಕಸ್ತೂರಿಯ ಮೊದಲ ಕೂಸು ಹುಟ್ಟಿ ವಾರ ಕಳೆಯುವುದರೊಳಗೆ ಹೋಗಿತ್ತು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ ಡಬ್ಬಿ ಕಟ್ಟಿಕೊಂಡು ಎಸ್‌ಟಿ ಬಸ್ಸು ಹತ್ತಿದೆ. ಕೊಲ್ಲಾಪುರದಲ್ಲಿ ಬಸ್ಸು ಬದಲಿಸಿ ಗಡಹಿಂಗ್ಲಜ ಮುಟ್ಟುವವರೆಗೂ ಡಬ್ಬಿ ಬಿಚ್ಚಲಿಲ್ಲ.

ಕೂಸು ಹೆಣ್ಣು. ಇಷ್ಟೇ ಇಷ್ಟು, ಅಂಗೈಯಲ್ಲಿ ಹಿಡಿಯುವಷ್ಟು. ಕಸ್ತೂರಿ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಪಾದ ಮುಟ್ಟಿ ನೋಡಿದೆ, ಕೊಡದ ನೀರು ಮುಟ್ಟಿದಂತಾಯಿತು. ನರ್ಸು ನನ್ನನ್ನು ನೋಡಿದ್ದೇ ಗೋಳು ಶುರು ಮಾಡಿದಳು. "ನೀವರೆ ಹೇಳ್ರಿ ಈ ಬಾಯಿಗೆ. ಕೂಸ ಬೆಚ್ಚಗಿರಬೇಕಂತ ಡಾಕ್ಟರು ಬಡಕೊಳ್ಳಾಕತ್ತಾರ. ಕಪಾಟದಾಗ ಹೊಸಾ ಕೌದಿ ಬಿದ್ದಾವ, ಇವ್ರು ಒಬ್ಬರೂ ಹೊಚ್ಚವಲ್ರು!"

ಕಪಾಟು ತೆಗೆದು ತೋರಿಸಿದಳು. ನಮ್ಮ ಮಂಡಳದ ಎರಡನೇ ಗಂಟು, ಒಂದೂ ಬಳಸದೆ ಹಾಗೇ ಕೂತಿತ್ತು. ನನಗೆ ಯಾರೋ ಮುಖಕ್ಕೆ ಹೊಡೆದ ಹಾಗಾಯಿತು. ಹಸಿರು ನೀಲಿ ಚೌಕದ ಒಂದನ್ನು ಎಳೆದು ತಂದು ಕಸ್ತೂರಿಯ ಮಡಿಲಲ್ಲಿ ಹಾಕಿದೆ.

ಅವಳು ತೋರುಬೆರಳಿನಿಂದ ನಡುವಿನ ಚೌಕವನ್ನು ಒತ್ತಿ ನೋಡಿದಳು. ಆಮೇಲೆ ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿದಳು. "ಬ್ಯಾಡ ವೈನಿ. ಇದರ ಹೊಟ್ಟಿ ಖಾಲಿ ಐತಿ."

"ಹುಚ್ಚಿ, ಇದನ್ನ ಹೊಲದಾಕಿ ನಾನs. ಇರಬಿ ಬರ್ತಾವಂತ ಖಾಲಿ ಬಿಟ್ಟೇವಿ. ಹೊಚ್ಚ ಕೂಸಿಗೆ."

"ನೀನs ಹೊಲದಿದ್ರೂ ಅಷ್ಟ. ಒಂದ ಕೂಸ ಕಳಕೊಂಡೇನಿ ವೈನಿ, ಇದಕ ಹಸದ ಕೌದಿ ಹೊಚ್ಚಂಗಿಲ್ಲ" ಎಂದವಳೇ ಅಳತೊಡಗಿದಳು.

ಪಕ್ಕದ ಹಾಸಿಗೆಯಲ್ಲಿ ಮುರಗೂಡ ಕಡೆಯ ಮರಾಠಿ ಹೆಂಗಸು. ಅವಳೂ ತಲೆ ಆಡಿಸಿ, "ಪ್ವಾಟ ರಿಕಾಮಂ ಹಾಯ ಬಘಾ, ತಾಈ" ಎಂದು ಅದನ್ನೇ ಹೇಳಿದಳು, ಹೊಟ್ಟೆ ಖಾಲಿ ಇದೆ ನೋಡು ಅಕ್ಕಾ ಅಂತ. ಅವಳ ಕೂಸಿನ ಮೇಲೂ ಅವಳದೇ ಸೆರಗು. ಆ ಕೋಣೆಯಲ್ಲಿ ಎಲ್ಲರೂ ನಮ್ಮಂಥವರೇ, ಎಲ್ಲರ ಬೆರಳೂ ಮೊದಲು ಆ ಚೌಕಕ್ಕೇ ಹೋಗಿತ್ತು. ಭಾಷೆ ಬೇರೆಯಾದರೂ ಪದ್ಧತಿ ಒಂದೇ. ಇದು ಡಾಕ್ಟರ್ ಬಾಯಿಗೆ ಯಾರೂ ಹೇಳಿರಲಿಲ್ಲ. ದೊಡ್ಡವರ ಮುಂದೆ ಇಂಥದ್ದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ?

ನಾನು ಬೈದೆ, ರಮಿಸಿದೆ, ದೇವರ ಆಣೆ ಇಟ್ಟೆ. ಕಸ್ತೂರಿ ಜಪ್ಪಯ್ಯ ಅನ್ನಲಿಲ್ಲ. ಕೂಸಿನ ಅಳು ಬೆಕ್ಕಿನ ಮರಿಯ ದನಿಗಿಂತ ಸಣ್ಣಗಾಗಿತ್ತು. ಅದನ್ನು ಕೇಳಿದ ಮೇಲೆ ನನ್ನ ಬುದ್ಧಿವಂತಿಕೆಯೆಲ್ಲ ಕೈಕೊಟ್ಟಿತು. ನಂಬಿಕೆ ಖರೆಯೋ ಸುಳ್ಳೋ ಆಮೇಲೆ ನೋಡೋಣ, ಮೊದಲು ಇದರ ಮೈ ಬೆಚ್ಚಗಾಗಲಿ ಎಂದು ನೆಲದ ಮೇಲೆ ಕೂತೆ.

ಕತ್ತರಿ ಇರಲಿಲ್ಲ. ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಎಳೆದರೆ ಒಂದೂ ಬಿಚ್ಚವಲ್ಲದು! ಸಿಟ್ಟಿನಲ್ಲಿ ಒತ್ತೊತ್ತಾಗಿ ಹಾಕಿದ್ದೆನಲ್ಲ, ನನ್ನ ಹೊಲಿಗೆಗೆ ನಾನೇ ಶಾಪ ಹಾಕಿದೆ. ಕೊನೆಗೆ ಒಂದು ಕಡೆ ಬಿಚ್ಚಿತು. ಡಬ್ಬಿಯಿಂದ ಒಂದು ತುಂಡು ರೊಟ್ಟಿ ಮುರಿದು ಒಳಗಿಟ್ಟೆ. ತಾಳಿಗೆ ಸಿಗಿಸಿಕೊಂಡಿದ್ದ ಸೂಜಿ ತೆಗೆದು, ಬಿಚ್ಚಿದ ದಾರವನ್ನೇ ಪೋಣಿಸಿ ನಾಲ್ಕು ಹೊಲಿಗೆ ಹಾಕಿದೆ. ಕಸ್ತೂರಿ ಕಣ್ಣು ಒರೆಸಿಕೊಂಡು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಕೂಸನ್ನು ಅದರಲ್ಲಿ ಸುತ್ತಿ ಎದೆಗೆ ಅಪ್ಪಿಕೊಂಡಳು.

ಮುರಗೂಡದಾಕೆ ತನಗೂ ಒಂದು ಎಂದು ಕೈ ಚಾಚಿದಳು. "ತಾಈ, ಮಾಝೀ ಪಣ." ಆಚೆಯ ಹಾಸಿಗೆಯಿಂದ, "ಅಕ್ಕಾ, ನನ್ನದೊಂದು." ಕಪಾಟು ಖಾಲಿಯಾಯಿತು. ನಾನು ಹಲ್ಲಿನಿಂದ ಬಿಚ್ಚುವುದು, ತುಂಡು ಇಡುವುದು, ಹೊಲಿಯುವುದು. ಒಬ್ಬಳು ಬಾಣಂತಿಗೆಂದು ತಂದ ಅಳವಿ ಉಂಡಿ ಮುರಿದು ಕೊಟ್ಟಳು, ಇನ್ನೊಬ್ಬಳು ಚಹಾದ ಜೊತೆ ಬಂದ ಬಿಸ್ಕೀಟು. ಏನೂ ಇಲ್ಲದವರಿಗೆ ನನ್ನ ಡಬ್ಬಿಯ ರೊಟ್ಟಿ. ಕೋಣೆಯಲ್ಲಿ ಹಬ್ಬದ ಗದ್ದಲ ಎದ್ದಿತು. ಆ ಗದ್ದಲದಲ್ಲಿ ಡಾಕ್ಟರ್ ಬಾಯಿ ಬಂದು ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ.

"ಏನ ನಡಸೀರಿ ಇಲ್ಲೆ?"

ಬಾಯಲ್ಲಿ ದಾರ, ಮಡಿಲ ತುಂಬ ರೊಟ್ಟಿಪುಡಿ. ಏಳಲು ಹೋಗಿ ಕೌದಿ ತೊಡರಿ ಮತ್ತೆ ಕುಕ್ಕರಿಸಿದೆ. ಭೂಮಿ ಬಾಯಿ ತೆರೆದಿದ್ದರೆ ಒಳಗೆ ಹೋಗುತ್ತಿದ್ದೆ. ಕೌದಿಗಳನ್ನೆಲ್ಲ ಹೊರಗೆ ಎಸೆಯುತ್ತಾರೆ, ಮಂಡಳದ ಮಾನ ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಕಸ್ತೂರಿಯ ಕೂಸಿನ ಮೇಲಿನದನ್ನು ಕಿತ್ತುಕೊಂಡರೆ ಏನು ಗತಿ ಎಂದು ಹೆದರಿದೆ.

"ಬಾಯಿ, ಬೇಕಾದ್ರ ನನಗ ಬೈರಿ. ಹೊಟ್ಟಿ ಖಾಲಿ ಇದ್ರ ಇವ್ರು ಹೊಚ್ಚಂಗಿಲ್ರಿ. ಕೂಸು ತಣ್ಣಗಾಗಾಕತ್ತಿತ್ರಿ" ಎಂದೆ.

ಅವರು ನೇರ ಹೋಗಿ ಕಸ್ತೂರಿಯ ಕೌದಿಯೊಳಗೆ ಕೈ ಹಾಕಿ ಕೂಸಿನ ಪಾದ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಮುಖ ಸ್ವಲ್ಪ ಸಡಿಲವಾಯಿತು. "ಬೆಚ್ಚಗಾಗಾಕತ್ತೈತಿ" ಎಂದು ನರ್ಸಿಗೆ ಹೇಳಿ, ನನ್ನ ಕಡೆ ತಿರುಗಿದರು. "ಇದಕ್ಕಂತ ಮೊದಲs ಹೇಳಬಾರದೇನ್ರಿ ಇವ್ರು? ನಾ ಕೌದಿ ಚಂದ ಆಗಿಲ್ಲ ಅಂತ ಒಲ್ಲೆ ಅಂತಾರ ಅಂದ್ಕೊಂಡಿದ್ದೆ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇರಬಿ ಕಡದದ್ದು ಸುಳ್ಳಲ್ಲ. ನೀವು ಇವತ್ತ ಮಾಡಿದ ರೊಟ್ಟಿ ಮುಂದಿನ ತಿಂಗಳ ತಿಂತೀರೇನು? ಮತ್ತ ಕೌದಿಗ್ಯಾಕ ಹಳೇದು ತಿನಸ್ತೀರಿ? ಅದರ ಬಾಯಿ ಹೊಲೀಬ್ಯಾಡ್ರಿ. ಮುಂಜಾನೆ ಹೊಸಾದು ಇಡ್ರಿ, ಸಂಜೀಕ ತಗದ ಗುಬ್ಬಿಗೆ ಹಾಕ್ರಿ" ಎಂದರು.

ಮೊದಲು ನಕ್ಕವಳು ಕಸ್ತೂರಿ. ಅವಳು ನಕ್ಕಿದ್ದನ್ನು ನೋಡಿ ನನಗೆ ಅಳು ಬಂತು.

ಹೊಲಿದದ್ದನ್ನೆಲ್ಲ ಮತ್ತೆ ಬಿಚ್ಚಿ, ಒಂದು ಬದಿ ತೆರೆದು ಜೇಬಿನ ಹಾಗೆ ಮಾಡಿ, ಕಟ್ಟಲು ಎರಡು ಕಸೆ ಹಚ್ಚಿ ಕೊಟ್ಟೆ. ಮುಗಿಯುವಾಗ ಮಧ್ಯಾಹ್ನ ಮೀರಿತ್ತು. ಡಾಕ್ಟರ್ ಬಾಯಿ ಮತ್ತೆ ಆ ಕಡೆ ಬಂದಾಗ ನನ್ನ ಡಬ್ಬಿಯೊಳಗೆ ಇಣುಕಿದರು. ಚಟ್ನಿ ಬಿಟ್ಟರೆ ಏನೂ ಇರಲಿಲ್ಲ. "ಎಲ್ಲಾ ಕೌದಿ ಉಂಡ್ವು, ನಿಮ್ಮದೇನು?" ಎಂದು ತಮ್ಮ ಊಟದ ಡಬ್ಬಿಯನ್ನೇ ತಂದು ಮುಂದಿಟ್ಟರು. ಎಷ್ಟು ಬೇಡವೆಂದರೂ ಬಿಡಲಿಲ್ಲ. ಚಪಾತಿ, ಬದನೆಕಾಯಿ ಪಲ್ಯ. ನನ್ನ ಚಟ್ನಿಯನ್ನು ಅವರೂ ಹಚ್ಚಿಕೊಂಡು ತಿಂದರು. ಆ ಊಟದ ರುಚಿ ಇನ್ನೂ ನೆನಪಿದೆ.

ಇಚಲಕರಂಜಿಗೆ ಮರಳಿ ಗಂಗವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ತಯಾರಾಗಿಯೇ ಕೂತಿದ್ದೆ. ಅವಳು ಗದ್ದಕ್ಕೆ ಕೈ ಹಚ್ಚಿ ಕೂತು, "ಅಯ್ಯ ಶಿವನs! ಇಷ್ಟ ವರ್ಷ ಅವಕ್ಕ ಒಂದs ಸಲ ಉಣಿಸಿ ಬಾಯಿ ಹೊಲದ ಬಿಟ್ಟೇನೆಲ್ಲ! ಡಾಕ್ಟರ್ ಬಾಯಿ ಭಾಳ ಶಾಣ್ಯಾಕಿ" ಎಂದಳು. ಸೂಜಿ ತೆಗೆದುಕೊಂಡು ಮುಂದಿನ ಗಂಟಿನ ಕೌದಿಗಳ ಹೊಟ್ಟೆಗೆಲ್ಲ ಅವಳೇ ಜೇಬು ಹೊಲಿದಳು. ಆಮೇಲೆ ಎಷ್ಟೋ ವರ್ಷ ನಮ್ಮ ಮಂಡಳದಿಂದ ಗಡಹಿಂಗ್ಲಜಕ್ಕೆ ಕೌದಿ ಹೋಗುತ್ತಲೇ ಇದ್ದವು. ಸಂಜೆಯಾದರೆ ಆ ಆಸ್ಪತ್ರೆಯ ಹಿತ್ತಲಿಗೆ ಊರ ಗುಬ್ಬಿಯೆಲ್ಲ ಬರುತ್ತವೆ ಎಂದು ನರ್ಸು ನಗುತ್ತಿದ್ದಳು.

ಕೂಸು ಉಳಿಯಿತು. ಹಸಿರು ನೀಲಿ ಚೌಕದ ಕೌದಿಯನ್ನು ಡಾಕ್ಟರ್ ಬಾಯಿ ಕಸ್ತೂರಿಗೇ ಕೊಟ್ಟು ಕಳಿಸಿದರು. ಕೂಸಿಗೆ ಗೌರಿ ಎಂದು ಹೆಸರಿಟ್ಟರು. ಅವಳು ದೊಡ್ಡವಳಾದ ಮೇಲೆ ಕಸ್ತೂರಿ ಆ ಕೌದಿಯನ್ನು ತೊಳೆದು, ಮಡಿಚಿ, ಹರಿದಲ್ಲಿ ತೇಪೆ ಹಾಕಲೆಂದು ನನಗೆ ಕೊಟ್ಟಿದ್ದಳು. ಅದು ನನ್ನ ಟ್ರಂಕಿನಲ್ಲೇ ಉಳಿಯಿತು.

ಮದುವೆಯಾಗಿ ಗೌರಿ ಕೊಲ್ಲಾಪುರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಡೆದಳು. ಅಲ್ಲಿ ಕೂಸನ್ನು ಬೆಚ್ಚಗಿಡಲು ಯಂತ್ರಗಳೇ ಇದ್ದವು, ಹಾಸಿಗೆಯ ಮೇಲೆ ಬಿಳಿ ಬ್ಲಾಂಕೆಟ್ಟು. ನಾನು ಹೋದಾಗ ಅವಳು ಕೇಳಿದ ಮೊದಲ ಮಾತು, "ಅತ್ತಿ, ನನ್ನ ಕೌದಿ ತಂದೀಯೇನು?"

ಚೀಲದಿಂದ ತೆಗೆದು ಕೊಟ್ಟೆ. ಹೊಟ್ಟೆಯ ಕಥೆಯನ್ನು ನಾನಾಗಲಿ ಅವಳವ್ವನಾಗಲಿ ಅವಳಿಗೆ ಎಂದೂ ಪಾಠ ಹೇಳಿದವರಲ್ಲ, ಸಣ್ಣವಳಿದ್ದಾಗ ಅವ್ವ ದಿನಾ ಹೊಸ ರೊಟ್ಟಿ ಇಡುವುದನ್ನು ನೋಡಿದ್ದಳಷ್ಟೇ. ಆದರೂ ಕೂಸನ್ನು ಎತ್ತಿಕೊಳ್ಳುವ ಮುಂಚೆ ಅವಳ ಬೆರಳು ತಾನೇ ನಡುವಿನ ಚೌಕಕ್ಕೆ ಹೋಯಿತು. ಕಸೆ ಬಿಚ್ಚಿ ಒಳಗೆ ಮುಟ್ಟಿ ನೋಡಿದಳು.

"ಮೆತ್ತಗೈತಿ" ಎಂದಳು. "ಇವತ್ತಿಂದು."

ಹೌದು, ಅಂದು ಬೆಳಿಗ್ಗೆಯೇ ಬಡಿದು ಇಟ್ಟಿದ್ದೆ. ಅವಳು ಕಸೆ ಕಟ್ಟಿ, ಬ್ಲಾಂಕೆಟ್ಟು ಸರಿಸಿ, ಕೂಸಿಗೆ ಕೌದಿ ಹೊದಿಸಿದಳು.